ಮದುಮಗನನ್ನು ಕಾರಿನಿಂದ ಇಳಿಸಿದವರು

ಕಂಕನಾಡಿಯಲ್ಲಿ ಹಳೆ ಕಾರುಗಳ ಹಿಡಿದುಹೋದ ಬೀಗ ಬಿಡಿಸಿ, ಕಳೆದ ಕೀಗಳನ್ನು ಅರದಲ್ಲಿ ಉಜ್ಜಿ ಹೊಸದಾಗಿ ಮಾಡಿಕೊಡುವವರೊಬ್ಬರಿದ್ದರು. ಬೀಗ ಮುಟ್ಟುವ ಮೊದಲು ಅದಕ್ಕೆ ಕಿವಿಗೊಟ್ಟು ಕೇಳುತ್ತಿದ್ದರು. ಯಾರಾದರೂ ಅವಸರಪಡಿಸಿದರೆ, "ಒತ್ತಾಯ ಬೇಡ ಮಾರಾಯ್ರೆ, ಅದಕ್ಕೂ ಒಂದು ಮರ್ಯಾದೆ ಉಂಟು" ಎನ್ನುತ್ತಿದ್ದರು.

ಅರುವತ್ತರ ದಶಕದ ಆರಂಭದಲ್ಲಿ ನನ್ನ ಮದುವೆ. ಹೆಣ್ಣಿನ ಮನೆಗೆ ಹೋದದ್ದು ಸೋದರಮಾವನ ಎರಡು ಬಾಗಿಲಿನ ಹಳೆ ಕಾರಿನಲ್ಲಿ. ತಾವು ಓಡಿಸುವ ಕಡೆಯ ಬಾಗಿಲನ್ನು ಮಾವ ಎಂದೋ ಬೆಸುಗೆ ಹಾಕಿಸಿ ಮುಚ್ಚಿದ್ದರು. ಅಂಗಳ ತಲುಪಿದ ಮೇಲೆ ನನ್ನ ಕಡೆಯದೂ ತೆರೆಯಲಿಲ್ಲ. ಕಿಟಕಿಯ ಗಾಜು ಕೈ ತೂರುವಷ್ಟೇ ಇಳಿದಿತ್ತು. ಜನ ಓಡಿಹೋಗಿ ಬೀಗದವರನ್ನು ಕರೆತಂದರು. ಹೆಣ್ಣಿನ ಅಣ್ಣ ಕಬ್ಬಿಣದ ಸಲಾಕೆ ಹಿಡಿದು ಬಂದಾಗ ಅವರು ಅಡ್ಡ ನಿಂತು ಅದೇ ಮಾತು ಹೇಳಿದರು. ಒಳಗಿನ ಹಿಡಿಕೆ ಒತ್ತಿ ಹಿಡಿಯಲು ನನಗೆ ಹೇಳಿ ಮಂಡಿಯೂರಿದರು.

ಮದುವೆ ನಡೆಸಲು ಬಂದಿದ್ದ ಖಾಝಿಯವರಿಗೆ ಕೂಳೂರಿನಲ್ಲಿ ಇನ್ನೊಂದು ನಿಕಾಹ್ ಇತ್ತು. "ಕೈ ಹೊರಗೆ ಬರ್ತದಲ್ಲ, ಸಾಕು" ಎಂದು ಕಿಟಕಿಯಲ್ಲೇ ಶುರು ಮಾಡಿದರು. ನನ್ನ ಬಲಗೈ ಹೆಣ್ಣಿನ ತಂದೆಯ ಕೈಯಲ್ಲಿ, ಎಡಗೈ ಹಿಡಿಕೆಯ ಮೇಲೆ.

"ಒಪ್ಪಿದ್ದೀರಾ?" ಎಂದರು ಖಾಝಿ.

"ಒತ್ತಿದ್ದೀರಾ?" ಎಂದರು ಕೆಳಗಿನಿಂದ ಬೀಗದವರು.

"ಒತ್ತಿದ್ದೇನೆ" ಎಂದೆ.

ಹೆಣ್ಣಿನ ತಂದೆಯ ಹಿಡಿತ ಸಡಿಲವಾಯಿತು. ನಾನು ಬೆವರಿ, "ಒಪ್ಪಿದ್ದೇನೆ, ಒಪ್ಪಿದ್ದೇನೆ!" ಎಂದು ಕೂಗಿದೆ. ಅಷ್ಟರಲ್ಲಿ ಬೀಗವೂ ಟಕ್ಕೆಂದಿತು.

ಬಾಗಿಲು ತೆರೆದರೂ ಹೆದರಿಕೆಯಲ್ಲಿ ನಾನು ಹಿಡಿಕೆ ಬಿಟ್ಟಿರಲಿಲ್ಲ. ಬೀಗದವರು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, "ಎರಡೂ ಆಯಿತು ಮದುಮಗರೇ, ಇನ್ನು ಇಳಿಯಿರಿ" ಎಂದರು.