ಜೋಮು ಹಿಡಿದ ಬೆರಳು

ಗ್ಯಾರೇಜಿನ ಮೇಸ್ತ್ರಿ ಮೂವತ್ತು ವರ್ಷ ಇಂಜಿನ್ ಆಯಿಲ್ ಡಬ್ಬಿಯ ನಂಬರ್ ಓದಿದವನಲ್ಲ. ಎರಡು ಬೆರಳ ನಡುವೆ ಉಜ್ಜಿ, ಗಟ್ಟಿಯೋ ತೆಳುವೋ ಹೇಳಿಬಿಡುತ್ತಿದ್ದ. ಸಕ್ಕರೆ ಕಾಯಿಲೆಗೆ ಬೆರಳು ಜೋಮು ಹಿಡಿದದ್ದನ್ನು ಮಾತ್ರ ಹೆಂಡತಿ ಹತ್ತಿರವೂ ಬಾಯಿಬಿಡಲಿಲ್ಲ.

"ಮಾವ, ಹೊಸ ವ್ಯಾನು, ತೆಳು ಆಯಿಲೇ ಬೇಕಂತೆ. ಗಾಡಿ ಜೊತೆ ಕೊಟ್ಟ ಪುಸ್ತಕ ನೋಡಿ ಹಾಕಿ" ಅಂದ ಅಳಿಯ.

"ನನಗೇ ಪಾಠ ಹೇಳ್ತೀಯಾ?" ಎಂದು ಗದರಿ, ಉಜ್ಜಿದ ಶಾಸ್ತ್ರ ಮಾಡಿ, ಕೈಗೆ ಸಿಕ್ಕ ಡಬ್ಬಿ ಸುರಿದ. ಅದು ಲಾರಿಯ ಗಟ್ಟಿ ಆಯಿಲು.

ಮಗಳಿಗೆ ಹೆರಿಗೆ ನೋವು ಬಂದ ಬೆಳಿಗ್ಗೆ, ಕೊರೆಯುವ ಚಳಿಗೆ ಆಯಿಲು ಅಂಟಾಗಿ ವ್ಯಾನು ಸ್ಟಾರ್ಟೇ ಆಗಲಿಲ್ಲ. ಬೇರೆ ಗಾಡಿ ಸಿಗುವಷ್ಟರಲ್ಲಿ ತಡವಾಗಿತ್ತು. ಮಗು ಉಳಿಯಲಿಲ್ಲ.

ಈಗ ಪುಸ್ತಕ ತರದವರ ಗಾಡಿಯನ್ನು ಅವನು ಮುಟ್ಟುವುದಿಲ್ಲ. ತವರಿಗೆ ಬಂದ ಮಗಳು ಒಮ್ಮೊಮ್ಮೆ ಪಕ್ಕದಲ್ಲಿ ಕೂತು ಅವನ ಬೆರಳು ಹಿಡಿದುಕೊಳ್ಳುತ್ತಾಳೆ. ಅವಳು ಯಾವಾಗ ಬಿಟ್ಟಳು ಅನ್ನುವುದೂ ಅವನಿಗೆ ಗೊತ್ತಾಗುವುದಿಲ್ಲ.