ನರಳುವ ಕಂಬ

ಚಿನ್ನ, ಬೆಳ್ಳಿ ತೆಗೆಯುತ್ತಿದ್ದ ಹಳೆಯ ಗಣಿಯ ಚರಿತ್ರೆ ಬರೆಯಲು ಹೊರಟ ಮೇಷ್ಟ್ರು ಸುರಂಗದೊಳಗೆ ಹತ್ತು ಹೆಜ್ಜೆ ಇಡುವಷ್ಟರಲ್ಲೇ ಬಂಡೆಗೆ ತಲೆ ಬಡಿದುಕೊಂಡು, ತಮಗೆ ಐವತ್ತು ವರ್ಷವೆಂಬುದನ್ನೂ ಮರೆತು "ಅಮ್ಮಾ!" ಎಂದು ಕಿರುಚಿದರು.

"ನಿಮ್ಮಮ್ಮ ಇಷ್ಟು ದೂರ ಬರಲ್ಲ ಮೇಷ್ಟ್ರೇ, ಬಗ್ಗಿ ನಡೀರಿ," ಎಂದ ದಾರಿ ತೋರಿಸುತ್ತಿದ್ದ ಕಂಬದಜ್ಜ.

ನಲವತ್ತು ವರ್ಷ ಈ ಗಣಿಯ ಚಾವಣಿಗೆ ಮರದ ಕಂಬದ ಆಸರೆ ಕೊಟ್ಟವನು ಅವನೇ. ಕಂಪನಿಯವರು ಕಬ್ಬಿಣದ ಕಂಬ ತಂದಾಗ ಜಗಳ ಕಾದು ವಾಪಸು ಕಳಿಸಿದ್ದ. ಕಬ್ಬಿಣ ಹೇಳದೆ ಕೇಳದೆ ಕೈಕೊಡುತ್ತದೆ, ಮರವಾದರೆ ಮುರಿಯುವ ಮೊದಲು ನರಳಿ ತಿಳಿಸುತ್ತದೆ ಎಂಬುದು ಅವನ ವಾದ.

ಮೇಷ್ಟ್ರು ಇದನ್ನು ಬರೆದುಕೊಳ್ಳುತ್ತಿದ್ದಾಗ ಪಕ್ಕದ ಕಂಬ ಕಿರ್ರೆಂದಿತು. ಅಜ್ಜ ಮಾತು ನಿಲ್ಲಿಸಿ ಅದರ ಮೇಲೆ ಅಂಗೈ ಇಟ್ಟ. ಮೇಲಿಂದ ಒಂದು ಹಿಡಿ ಮಣ್ಣು ಪುಸ್ತಕದ ಮೇಲೆ ಉದುರಿತು.

"ಓಡಬೇಡಿ. ಯಾವುದನ್ನೂ ಮುಟ್ಟದೆ ನನ್ನ ಜೊತೆ ಬನ್ನಿ."

"ಕಾಲೇ ಏಳ್ತಿಲ್ಲ ಅಜ್ಜ!"

"ಹಾಗಾದ್ರೆ ಕಾಲು ಇಲ್ಲೇ ಇರ್ಲಿ, ನೀವು ಬನ್ನಿ," ಎಂದು ಅಜ್ಜ ಅವರ ತೋಳು ಹಿಡಿದು ಎಳೆದುಕೊಂಡೇ ಹೊರಟ.

ಸುರಂಗದ ಬಾಯಿ ಮುಟ್ಟುವಷ್ಟರಲ್ಲಿ ಹಿಂದೆ ಗುಡುಗಿದಂತಾಗಿ ಧೂಳು ಹೊರಗೆ ನುಗ್ಗಿತು. ಅವರು ನಿಂತಿದ್ದ ಜಾಗವನ್ನು ಬಂಡೆಗಳು ಮುಚ್ಚಿಬಿಟ್ಟಿದ್ದವು.

ಮೇಷ್ಟ್ರು ಬಿಸಿಲಲ್ಲಿ ಕುಸಿದು ಕುಳಿತರು. ಅಜ್ಜ ಅಂಗಿಯ ಧೂಳು ಕೊಡವುತ್ತಿದ್ದ.

"ಇಷ್ಟು ವರ್ಷದಲ್ಲಿ ನಿಮಗೆ ಭಯವೇ ಆಗಲಿಲ್ವಾ ಅಜ್ಜ?"

"ದಿನಾ ಆಗ್ತಿತ್ತು. ಆಗದೇ ಇದ್ದವರನ್ನ ಕೇಳ್ಬೇಕಂದ್ರೆ ಮತ್ತೆ ಒಳಗೆ ಹೋಗ್ಬೇಕು ಮೇಷ್ಟ್ರೇ. ಅವರೆಲ್ಲ ಅಲ್ಲೇ ಇದ್ದಾರೆ."