ನಾಲ್ಕನೇ ವಚನ ಎರಡು ಸಲ

ಬ್ರಹ್ಮಾವರದಲ್ಲಿ ಹಳೆ ಪಂಪ್‌ಸೆಟ್ ಕೊಂಡು ಮಾರುವ ವ್ಯಾಪಾರ ಶುರು ಮಾಡಿದ ವರ್ಷ ನಾನು ಬೈಬಲ್ ಅಧ್ಯಯನಕ್ಕೆ ಸೇರಿದೆ. ಭಕ್ತಿ ಉಕ್ಕಿ ಅಲ್ಲ. ಮನೆ ಕಿರಿಮಂಜೇಶ್ವರದ ಹತ್ತಿರ. ಭಾನುವಾರವೂ ಗಿರಾಕಿ ಬರುವುದರಿಂದ ಊರಿಗೆ ಹೋಗಲಾಗುತ್ತಿರಲಿಲ್ಲ. ಪರವೂರಿಗೆ ಹೋಗುವವರಿಗೆ ನನ್ನ ಸಲಹೆ ಇಷ್ಟೇ: ಮೊದಲು ಸಂಜೆ ಕೂರಲು ಒಂದು ಜಗಲಿ ಹುಡುಕಿ, ಅಂಗಡಿ ಆಮೇಲೆ.

ನಮ್ಮ ಜಗಲಿ ನಿವೃತ್ತ ನರ್ಸ್ ಬಾಯಮ್ಮನದು. ಭಾನುವಾರ ಸಂಜೆ ಅಧ್ಯಯನಕ್ಕೆ ಅಲ್ಲಿ ಸಾಲಾಗಿ ಕೂರುತ್ತಿದ್ದವರು ನಾಲ್ವರೇ: ಅವರು, ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ಒಬ್ಬಳು ಹುಡುಗಿ, ನಾನು, ನನ್ನ ಕೋಣೆಯ ಜೊತೆಗಾರ. ಅವನು ವೆಲ್ಡರ್, ಮುಂಬೈಯಲ್ಲಿ ಬೆಳೆದವನು. ಮಾತು ಅಪ್ಪಟ ಕುಂದಾಪ್ರದ್ದು, ಕನ್ನಡ ಅಕ್ಷರ ಮಾತ್ರ ಒಂದೂ ಗೊತ್ತಿಲ್ಲ. ಅಲ್ಲಿಯ ಕ್ರಮವೋ, ಕೂತ ಸಾಲಿನಲ್ಲೇ ಒಬ್ಬೊಬ್ಬರು ಒಂದೊಂದು ವಚನ ಓದಬೇಕು. ಮೊದಲ ವಾರ ಅವನು ಗಂಟಲು ನೋವೆಂದು ತಪ್ಪಿಸಿಕೊಂಡ. ಮುಂದಿನ ವಾರ ಕೋಣೆ ಬಿಟ್ಟು ಹೊರಡಲಿಲ್ಲ.

"ನಾನ್ ಬತ್ತಿಲ್ಲೆ ಮಾರಾಯ. ಎಲ್ಲರೆದ್ರು ಮರ್ಯಾದಿ ಹೋತ್ತ್."

ಆ ಊರಿನಲ್ಲಿ ಅವನಿಗೆ ನನ್ನನ್ನು, ಆ ಜಗಲಿಯನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಇನ್ನೊಂದು ವಾರ ತಪ್ಪಿದರೆ ಆ ಕಡೆ ತಲೆ ಹಾಕುವವನಲ್ಲ. ಹಾಗಾಗಿ ಲೆಕ್ಕ ಹಾಕಿದೆ. ಓದುವ ಭಾಗವನ್ನು ಬಾಯಮ್ಮ ಮೊದಲೇ ಹೇಳುತ್ತಿದ್ದರು. ನಮ್ಮ ಜಾಗಗಳೂ ಖಾಯಂ. ನನಗೆ ಮೂರನೇ ವಚನ, ಅವನಿಗೆ ನಾಲ್ಕನೆಯದು: ಮೀನು ಹಿಡಿಯುವವರು ಬಲೆ ಬಿಟ್ಟು ಎದ್ದು ಹೋಗುವುದು. ವಾರವಿಡೀ ಅವನಿಗೆ ಬಾಯಿಪಾಠ ಮಾಡಿಸಿದೆ. ಗೇಟು ಬೆಸೆಯುವಾಗಲೂ ಅವನು ಬಲೆ ಬಿಡುತ್ತಿದ್ದ.

ಭಾನುವಾರ ಬಾಯಮ್ಮ ಓದು ಶುರು ಮಾಡಿದ್ದರಷ್ಟೇ, ಸಾಲಿಗ್ರಾಮದಿಂದ ಒಬ್ಬ ಹೊಸ ಟೆಂಪೊ ಡ್ರೈವರ್ ಬಂದು ನನಗೂ ಆ ಹುಡುಗಿಗೂ ನಡುವೆ ಕೂತ. ಮೂರನೆಯದು ಅವನ ಪಾಲಾಯಿತು. ನಾಲ್ಕನೆಯದು ನನ್ನದು. ಹಾರಿಸೋಣವೆಂದರೆ ಎಲ್ಲರ ಕಣ್ಣೂ ಪುಸ್ತಕದ ಮೇಲೆ. ಓದಿದೆ.

ಆಮೇಲೆ ನನ್ನ ಜೊತೆಗಾರ ಪುಟದ ಮೇಲೆ ಬೆರಳಿಟ್ಟು, ಗಂಭೀರವಾಗಿ, ಅದೇ ವಚನ ಒಪ್ಪಿಸಿದ. ಮೀನುಗಾರರು ಮತ್ತೊಮ್ಮೆ ಬಲೆ ಬಿಟ್ಟರು.

"ಅದ್ ಈಗ ಓದಿ ಆಯ್ತಲ್ದಾ ಮಗಾ?" ಎಂದರು ಬಾಯಮ್ಮ.

ಅವನು ನನ್ನ ಕಡೆ ನೋಡಿದ. ನಾನು ತಲೆಯೆತ್ತಿ ಮಾಡಿನ ಹೆಂಚು ನೋಡಿದೆ.

"ನಂಗ್ ಬಪ್ಪುದ್ ಇದೊಂದೇ ಬಾಯಮ್ಮ. ಓದುಕ್ ಗೊತ್ತಿಲ್ಲೆ."

ಬಾಯಮ್ಮ ಕನ್ನಡಕ ತೆಗೆದು ನನ್ನತ್ತ ಕೈ ತೋರಿಸಿದರು. "ಇವ ಪುಸ್ತಕ ಕಂಡ್ ಓದಿದ್ದಕ್ಕಿಂತ ನೀನ್ ಕಾಣ್ದೆ ಹೇಳಿದ್ದೇ ಸಮ ಇತ್ತ್." ಐದನೆಯದನ್ನು ತಾವೇ ಓದಿ ಮುಂದುವರಿಸಿದರು.

ವಾಪಸು ಬರುವಾಗ ಅವನು ನನ್ನನ್ನು ಬಿಟ್ಟು ಮುಂದೆ ಮುಂದೆ ನಡೆದ. ಇನ್ನು ಅವನು ಬಂದ ಹಾಗೆಯೇ ಅಂದುಕೊಂಡೆ. ಕೋಣೆಯ ಬೀಗ ತೆಗೆಯುವಾಗ ಹೇಳಿದ:

"ಇನ್ನ್ ಮೇಲೆ ಎರಡೆರಡ್ ವಚನ ಕಲ್ಸ್ ಮಾರಾಯ. ಯಾರಾರೂ ತಡ ಮಾಡಿ ಬಂದ್ರೆ ಎಂತ ಮಾಡುದ್?"